ಪಾಳಿ ಮುಗಿಯುವ ಹೊತ್ತಿಗೆ

ಜೂನ್ ೩೦, ಸೋಮವಾರ

ಇವತ್ತು ಸಂಬಳದ ಚೀಟಿ ಬಂತು. ನನ್ನದನ್ನು ನೋಡುವ ಮೊದಲೇ, ಠಾಣೆಯಲ್ಲಿ ಎಲ್ಲರೂ ಮೀಸೆ ಎಂದು ಕರೆಯುವ ನನ್ನ ಜೊತೆಗಾರನದು ಕಣ್ಣಿಗೆ ಬಿತ್ತು. ಬಿತ್ತು ಅಂತ ಬರೆಯುತ್ತಿದ್ದೇನೆ, ನಿಜವಾಗಿ ನಾನೇ ಕತ್ತು ಉದ್ದ ಮಾಡಿ ನೋಡಿದೆ.

ಇಬ್ಬರೂ ಪೊಲೀಸ್ ಪೇದೆಗಳೇ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಒಂದೇ ಮಾರುಕಟ್ಟೆ ಬೀದಿಯಲ್ಲಿ ಜೊತೆಯಾಗಿ ಸುತ್ತುವವರು. ನಾನು ಈ ಪಾಳಿಗೆ ಬಂದು ತಿಂಗಳಾಯಿತಷ್ಟೆ, ಅವನು ಇಲ್ಲೇ ಬೇರು ಬಿಟ್ಟವನು. ಮೂಲವೇತನದಲ್ಲಿ ನನಗಿಂತ ಮುಂದಿದ್ದಾನೆ, ಸೇವೆ ಹೆಚ್ಚು, ಒಪ್ಪಿದೆ. ಮನೆಬಾಡಿಗೆ ಭತ್ಯೆ ಇಬ್ಬರಿಗೂ ಒಂದೇ. ಸಮವಸ್ತ್ರ ಒಗೆಯುವುದಕ್ಕೆ ಕೊಡುವ ಭತ್ಯೆಯೂ ಒಂದೇ, ಅದರಲ್ಲಿ ಸೋಪು ಬರುತ್ತದೆ, ನೀರು ಬರುವುದಿಲ್ಲ. ಅಪಾಯ ಭತ್ಯೆ ಅಂತ ಇನ್ನೊಂದು. ಅದನ್ನು ನೋಡಿದರೆ ನಮ್ಮ ಪ್ರಾಣ ಇಷ್ಟು ಅಗ್ಗವೇ ಎಂದು ನಗು ಬರುತ್ತದೆ. ಆದರೆ ಕೊನೆಯ ಸಾಲಿನಲ್ಲಿ ಓಟಿ, ಪಾಳಿ ಮೀರಿ ದುಡಿದದ್ದಕ್ಕೆ ಕೊಡುವ ದುಡ್ಡು. ನನ್ನ ಚೀಟಿಯಲ್ಲಿ ಸೊನ್ನೆ. ಅವನದರಲ್ಲಿ ಹತ್ತಿರ ಹತ್ತಿರ ನನ್ನ ಅರ್ಧ ಸಂಬಳ.

ಜೊತೆಯಲ್ಲೇ ಸುತ್ತುವವನಿಗೆ ಈ ಹೆಚ್ಚಿನ ಹೊತ್ತು ಎಲ್ಲಿಂದ ಬಂತು?

ಮನೆಗೆ ಬಂದು ನಮ್ಮ ಯಜಮಾನರಿಗೆ ಹೇಳಿದೆ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದಲ್ಲಿಂದಲೇ, ಅವರವರ ಹಣೆಬರಹ ಬಿಡು ಅಂದರು. ಏಣಿಯಿಂದ ಬಿದ್ದ ಮೇಲೆ ಇವರಿಗೆ ಎಲ್ಲವೂ ಹಣೆಬರಹ. ಗೋಡೆಗೆ ಬಣ್ಣ ಹೊಡೆಯುವವರ ಕೈಗೆ ಕೆಲಸವಿದ್ದರೆ ಸಂಬಳ, ಇಲ್ಲದಿದ್ದರೆ ಇಲ್ಲ. ಮನೆ ನಡೆಯುತ್ತಿರುವುದು ನನ್ನ ಚೀಟಿಯ ಮೇಲೆ.

ಜುಲೈ ೪, ಶುಕ್ರವಾರ

ಮೀಸೆಯ ಮೇಲೆ ಕಣ್ಣಿಟ್ಟಿದ್ದೇನೆ. ಬೆಳಿಗ್ಗೆಯೆಲ್ಲ ಅವನದು ಮದುವೆ ಮನೆಗೆ ಬಂದ ನೆಂಟನ ನಡಿಗೆ. ಎಲ್ಲರಿಗೂ ಕೈ ಎತ್ತುತ್ತಾನೆ, ಎಲ್ಲರ ಕ್ಷೇಮ ವಿಚಾರಿಸುತ್ತಾನೆ. ಒಂದೂವರೆಯಾಗುತ್ತಲೇ ಕಣ್ಣು ಚುರುಕಾಗುತ್ತದೆ. ಇವತ್ತು ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಡಿದು ಮಲಗಿದ್ದ ಹಿರಿಯರೊಬ್ಬರನ್ನು ಎಬ್ಬಿಸಿ ಠಾಣೆಗೆ ನಡೆಸಿಕೊಂಡು ಹೋದ. ಅದೇ ಹಿರಿಯರು ಬೆಳಿಗ್ಗೆಯೂ ಅಲ್ಲೇ ಮಲಗಿದ್ದರು. ಆಗ ಮೀಸೆ ಅವರ ಚಪ್ಪಲಿಯನ್ನು ನಾಯಿ ಎಳೆಯದ ಹಾಗೆ ಬೆಂಚಿನ ಕೆಳಗೆ ತಳ್ಳಿ ಮುಂದೆ ಹೋಗಿದ್ದ. ಬೆಳಿಗ್ಗೆ ಇಲ್ಲದ ಅಪರಾಧ ಮಧ್ಯಾಹ್ನಕ್ಕೆ ಹೇಗೆ ಹುಟ್ಟಿತು?

"ನೀನು ಮನೆಗೆ ಹೋಗು ತಂಗಿ, ನಂಗೆ ಗಿರಾಕಿ ಸಿಕ್ಕಿದಾನೆ" ಅಂದ.

ಗಿರಾಕಿಯಂತೆ. ವಯಸ್ಸಾದ ಮನುಷ್ಯರನ್ನು ಹಾಗೆ ಕರೆಯುವ ಬಾಯಿಗೆ ಏನು ಹೇಳುವುದು.

ಜುಲೈ ೯, ಬುಧವಾರ

ಠಾಣೆಯ ಬರವಣಿಗೆಯನ್ನೆಲ್ಲ ನೋಡಿಕೊಳ್ಳುವ ರೈಟರ್ ಹತ್ತಿರ ಸುತ್ತಿ ಬಳಸಿ ಮಾತು ತೆಗೆದೆ. ಅವರು ಬಾಯಿಗೆ ಬೀಗ ಹಾಕಿಕೊಂಡವರು, ಆದರೆ ಟೀ ಕೊಡಿಸಿದರೆ ಬೀಗ ತಾನೇ ಸಡಿಲವಾಗುತ್ತದೆ.

"ಓಟಿ ಸುಮ್ನೆ ಕೂತ್ರೆ ಸಿಗಲ್ಲಮ್ಮ" ಅಂದರು. "ಹಿಡಿದವರೇ ಬರೀಬೇಕು. ಬರೆದು ಮುಗಿಸೋವರೆಗೂ ಪಾಳಿ ಮುಗಿಯಲ್ಲ, ಎರಡು ಗಂಟೆ ಮೇಲಿನ ಹೊತ್ತಿಗೆಲ್ಲ ಒಂದೂವರೆ ಪಟ್ಟು. ಬೆಳಿಗ್ಗೆ ಹಿಡಿದ್ರೆ ಪಾಳಿಯೊಳಗೇ ಬರೆದು ಮುಗಿಯತ್ತೆ, ಬಿಟ್ಟಿ ಚಾಕರಿ. ಒಂದೂಮುಕ್ಕಾಲಿಗೆ ಹಿಡಿದ್ರೆ..." ಅಷ್ಟಕ್ಕೇ ನಿಲ್ಲಿಸಿ ಟೀ ಹೀರಿದರು.

ಇನ್ನೂ ಒಂದು ವಿಷಯ ತಿಳಿಯಿತು. ಮೂರು ತಿಂಗಳಿಗೊಮ್ಮೆ, ಅತಿ ಹೆಚ್ಚು ಜನರನ್ನು ಹಿಡಿದು ತಂದ ಠಾಣೆಗೆ ಬೋನಸ್ ಇದೆ, ಅದರಲ್ಲಿ ಇನ್‌ಸ್ಪೆಕ್ಟರ್ ಸಾಹೇಬರ ಪಾಲೇ ದೊಡ್ಡದು. ತಂದವರಲ್ಲಿ ಎಷ್ಟು ಜನ ತಪ್ಪು ಮಾಡಿದ್ದರು, ಎಷ್ಟು ಜನರನ್ನು ಸಂಜೆ ಹಾಗೇ ಬಿಟ್ಟರು ಎಂಬುದನ್ನು ಯಾರೂ ಕೇಳುವುದಿಲ್ಲ. ಎಲ್ಲ ನಿಯಮದ ಪ್ರಕಾರವೇ. ಕಳ್ಳತನಕ್ಕೇ ನಿಯಮ ಬರೆದುಕೊಟ್ಟರೆ ಪೊಲೀಸರು ಯಾರನ್ನು ಹಿಡಿಯುವುದು?

ಜುಲೈ ೧೧, ಶುಕ್ರವಾರ

ಮನಸ್ಸು ತಡೆಯದೆ ಸಾಹೇಬರ ಕೋಣೆಗೆ ಹೋಗಿ ಮೀಸೆಯ ವಿಷಯ ಹೇಳಿಬಿಟ್ಟೆ. ಅವರು ಕೋಪಿಸಿಕೊಳ್ಳಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ಮೀಸೆ ಯಾರ ಮೇಲಾದರೂ ಸುಳ್ಳು ಕೇಸು ಹಾಕಿದ್ದಾನೆಯೇ ಎಂದು ಕೇಳಿದರು. ಅದು ನನಗೆ ಗೊತ್ತಿಲ್ಲ ಅಂದೆ. ಹಾಗಾದರೆ ಗಮನಿಸುತ್ತಿರು ಅಂದರು. ಬಾಗಿಲ ಹತ್ತಿರ ಬಂದಾಗ ಹಿಂದಿನಿಂದ, ಬಹಳ ಮೆತ್ತಗೆ, "ಅಲ್ಲಮ್ಮ, ಬಂದು ತಿಂಗಳಾದ್ರೂ ನಿಂಗೆ ಒಬ್ರೂ ಸಿಕ್ಕಿಲ್ವಲ್ಲ. ಬೀದೀಲಿ ಕಳ್ಳರೇ ಇಲ್ವಾ?" ಅಂದರು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರೆ. ಇವರು ಕಣ್ಣು ತೆರೆದುಕೊಂಡೇ ಕುಡಿಯುತ್ತಾರೆ. ಹೋದವಳು ಮೀಸೆಯ ಮೇಲೆ ಅನುಮಾನ ಹೇಳುವುದಕ್ಕೆ, ಬಂದವಳ ಮೇಲೇ ಅನುಮಾನ ಅಂಟಿತು.

ಜುಲೈ ೧೭, ಗುರುವಾರ

ಇವತ್ತು ಮೊದಲನೆಯ ಸಲ ನಾನೊಬ್ಬರನ್ನು ಹಿಡಿದೆ. ಔಷಧಿ ಅಂಗಡಿಯ ಪಕ್ಕ ಸೈಕಲ್ಲಿನ ಬೀಗ ಮುರಿಯುತ್ತಿದ್ದರು. ಕೈಯಲ್ಲಿ ಕಬ್ಬಿಣದ ಸರಳಿತ್ತು, ಸೈಕಲ್ಲಿನ ಯಜಮಾನನೂ ಅಲ್ಲೇ ಸಿಕ್ಕಿದ. ಅಪ್ಪಟ ಕೇಸು. ಬರೆದು ಮುಗಿಸುವಾಗ ಆರು ಗಂಟೆಯಾಗಿತ್ತು. ಪಾಳಿ ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಸಿಕ್ಕಿದ್ದು ಕಾಕತಾಳೀಯ, ನಾನೇನು ಗಡಿಯಾರ ನೋಡಿ ಹಿಡಿದದ್ದಲ್ಲ.

ಸಾಹೇಬರು ಎಲ್ಲರೆದುರು ಹೆಸರು ಹಿಡಿದು ಹೊಗಳಿದರು. ಮನೆಯಲ್ಲಿ ಅತ್ತೆ ಮಾತ್ರ, ಇಷ್ಟು ಹೊತ್ತು ಮಾಡಿದ್ದಕ್ಕೆ ಕಾರಣ ಕೇಳಿ, ಸೊಸೆ ಪೊಲೀಸಾದರೆ ಕಳ್ಳನಿಗೂ ಕಷ್ಟ ಅತ್ತೆಗೂ ಕಷ್ಟ ಅಂದರು. ಇವರು ನಕ್ಕರು. ಬಿದ್ದ ಮೇಲೆ ಇವರು ನಕ್ಕಿದ್ದನ್ನು ಇವತ್ತೇ ಕಂಡದ್ದು.

ಜುಲೈ ೨೨, ಮಂಗಳವಾರ

ಒಬ್ಬ ಆಸಾಮಿ ಚೀಲದಲ್ಲಿ ತಾಮ್ರದ ತಂತಿ ಹೊತ್ತುಕೊಂಡು ಹೋಗುತ್ತಿದ್ದ, ವಿಪರೀತ ಬೆವರುತ್ತಿದ್ದ. ನಿಲ್ಲಿಸಿದೆ. ವೈರಿಂಗ್ ಕೆಲಸದವನಂತೆ. ಆ ಬಿಸಿಲಿನಲ್ಲಿ ಎಲ್ಲರೂ ಬೆವರುತ್ತಿದ್ದರು ನಿಜ, ಆದರೆ ಬೆವರಿನಲ್ಲೂ ಬಗೆಗಳಿವೆ. ಐದು ಗಂಟೆಗೆ ಅವನ ಮೇಸ್ತ್ರಿ ಬಂದು ತಂತಿ ನಮ್ಮದೇ ಎಂದ ಮೇಲೆ ಬಿಟ್ಟೆ. ಸಂಶಯ ಬಂದರೆ ಕೇಳುವುದೇ ನಮ್ಮ ಕೆಲಸ.

ಮೀಸೆ ಬಾಗಿಲಿಗೆ ಒರಗಿ ಎಲ್ಲ ನೋಡಿ, ಏನೂ ಹೇಳದೆ ಮನೆಗೆ ಹೋದ. ಹೊಟ್ಟೆಕಿಚ್ಚು.

ಜುಲೈ ೩೧, ಗುರುವಾರ

ಸಂಬಳದ ಚೀಟಿಯ ಕೊನೆಯ ಸಾಲು ತುಂಬಿಕೊಂಡು ಬಂದಿದೆ. ಅತ್ತೆಗೆ ಹೊಸ ಕನ್ನಡಕ ಹಾಕಿಸಿದೆ. ಇವರಿಗೆ ಒಳ್ಳೆಯ ಊರುಗೋಲು ತಂದೆ.

ಮೀಸೆಯ ಓಟಿ ಅರ್ಧಕ್ಕರ್ಧ ಇಳಿದಿದೆ. ಈಗೀಗ ಒಂದೂವರೆಯಾಗುತ್ತಲೇ ಟೀ ಅಂಗಡಿಯಲ್ಲಿ ಹೋಗಿ ಕೂರುತ್ತಾನೆ, ಪಾಳಿ ಮುಗಿಯುವವರೆಗೂ ಏಳುವುದಿಲ್ಲ. ನಾನು ಗಮನಿಸುತ್ತಿದ್ದೇನೆ ಎಂಬುದು ತಿಳಿದು ಹೆದರಿದ್ದಾನೆ. ಇರಲಿ. ಗಿರಾಕಿಗಳಿಗೇನು ಬರವೇ?

ಆಗಸ್ಟ್ ೬, ಬುಧವಾರ

ಇಬ್ಬರು. ಒಬ್ಬನ ಜೇಬಿನಲ್ಲಿ ಎರಡು ಫೋನು. ಇನ್ನೊಬ್ಬ ನನ್ನನ್ನು ಕಂಡ ಕೂಡಲೇ ರಸ್ತೆ ದಾಟಿದ. ಇಬ್ಬರನ್ನೂ ಸಂಜೆ ಬಿಟ್ಟೆ. ಕಾಲು ನೋಯುತ್ತಿದೆ, ಮಲಗುತ್ತೇನೆ.

ಆಗಸ್ಟ್ ೯, ಶನಿವಾರ

ಒಬ್ಬ. ವಿಪರೀತ ವಿನಯ. ಅದೇ ಅನುಮಾನ ಬಂದದ್ದು.

ಆಗಸ್ಟ್ ೧೪, ಗುರುವಾರ

ನಾನು ಬಾಗಿಲು ತೆಗೆದು ಒಳಗೆ ಬಂದ ಕೂಡಲೇ ಇವರು ಫೋನನ್ನು ದಿಂಬಿನ ಕೆಳಗೆ ಸರಿಸಿದರು. ಅತ್ತೆ ಅಡುಗೆಮನೆಗೆ ಹೊರಟರು. ಯಾರ ಫೋನು ಅಂತ ಕೇಳಿದೆ. ಯಾರದೂ ಇಲ್ಲ ಅಂದರು. ಯಾರದೂ ಇಲ್ಲದ ಫೋನನ್ನು ದಿಂಬಿನ ಕೆಳಗೆ ಯಾಕೆ ಇಡಬೇಕು? ಮತ್ತೆ ಕೇಳಿದೆ, ಬೇರೆ ಬೇರೆ ರೀತಿಯಲ್ಲಿ ಕೇಳಿದೆ. ಕೇಳುವುದಕ್ಕೂ ಒಂದು ಕ್ರಮವಿದೆ: ಮೊದಲು ಗೊತ್ತಿರುವುದನ್ನು ಕೇಳಬೇಕು, ಆಮೇಲೆ ಗೊತ್ತಿಲ್ಲದ್ದನ್ನು.

ಕೊನೆಗೆ ಇವರೇ ಫೋನು ತೆಗೆದು ನನ್ನ ಕೈಗಿಟ್ಟರು. ಬಣ್ಣದ ಕೆಲಸದ ಗುತ್ತಿಗೆದಾರರಿಗೆ ಮಾಡಿದ್ದಂತೆ. ಕೂತುಕೊಂಡು ಮಾಡುವ ಕೆಲಸ, ಕಿಟಕಿಯ ಸರಳು ಉಜ್ಜುವುದೋ ಏನೋ, ಇದ್ದರೆ ಕೊಡಿ ಎಂದು ಕೇಳಲು. ನನಗೆ ಹೇಳಿದರೆ ಬೇಡ ಅನ್ನುತ್ತೇನೆಂದು ಹೇಳಲಿಲ್ಲವಂತೆ. ಸಂಖ್ಯೆ ನೋಡಿದೆ, ಗುತ್ತಿಗೆದಾರರದೇ.

"ನನ್ನ ಹಾಗೆ ನೋಡ್ಬೇಡ ಕಣೆ" ಅಂದರು.

ನಾನು ಹೇಗೂ ನೋಡಿರಲಿಲ್ಲ. ಇವರು ಯಾಕೆ ಹಾಗಂದರೋ ಗೊತ್ತಿಲ್ಲ.

ಆಗಸ್ಟ್ ೧೯, ಮಂಗಳವಾರ

ಬರೆಯಬೇಕೋ ಬೇಡವೋ. ಕ್ರಮವಾಗಿ ಬರೆಯುತ್ತೇನೆ, ಮುಂದೆ ಯಾರಾದರೂ ಕೇಳಿದರೆ ನನಗೇ ನೆನಪಿರಬೇಕು.

ಒಂದೂವರೆ ದಾಟಿತ್ತು. ಬೇಕರಿಯಿಂದ ಒಬ್ಬ ಹೆಂಗಸು ಹೊರಬಂದಳು, ಐವತ್ತರ ಆಸುಪಾಸು. ಬ್ಯಾಗನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಹಾಗೆ ನಡೆಯುತ್ತಿದ್ದಳು. ನಿಲ್ಲಿಸಿದೆ. ಬ್ಯಾಗಿನಲ್ಲಿ ಬ್ರೆಡ್ಡು, ಹಾಲಿನ ಪ್ಯಾಕೆಟ್ಟು, ಅವುಗಳ ಕೆಳಗೆ ಗಂಡಸರ ಪರ್ಸು. ಪರ್ಸಿನಲ್ಲಿ ಒಬ್ಬ ಮುದುಕನ ಗುರುತಿನ ಚೀಟಿ. ಯಾರಿಗಾದರೂ ಅನುಮಾನ ಬರುತ್ತಿತ್ತು.

ಆ ಮುದುಕನನ್ನು ನೋಡಿಕೊಳ್ಳುವ ಆಯಾ ಅಂತೆ. ಅಂಗಡಿಗೆ ಹೋಗುವಾಗ ಆತ ಪರ್ಸನ್ನೇ ಕೊಟ್ಟು ಕಳಿಸುತ್ತಾನಂತೆ. ಅಂತೆ ಕಂತೆಗಳನ್ನು ಕೇಳಿ ಕೇಳಿ ನನ್ನ ಕಿವಿ ಗಟ್ಟಿಯಾಗಿದೆ.

"ಮೇಡಂ, ಅವರಿಗೆ ಸಕ್ಕರೆ ಕಾಯಿಲೆ. ಇಂಜೆಕ್ಷನ್ ಕೊಟ್ಬಿಟ್ಟಿದೀನಿ. ಕೊಟ್ಟ ಮೇಲೆ ನೋಡಿದ್ರೆ ಬ್ರೆಡ್ಡು ಬೂಷ್ಟು ಹಿಡಿದಿತ್ತು, ಅದಕ್ಕೇ ಓಡಿ ಬಂದೆ. ಬೇಗ ಏನಾದ್ರೂ ತಿನ್ನಿಸ್ಬೇಕು ಮೇಡಂ, ಇಲ್ಲಾಂದ್ರೆ ಬಿದ್ದೋಗ್ತಾರೆ."

ಆಸ್ಪತ್ರೆಯಲ್ಲಿರುವ ತಾಯಿ, ಶಾಲೆಯಲ್ಲಿ ಕಾಯುವ ಮಗು, ತಪ್ಪಿಹೋಗುವ ರೈಲು, ಎಲ್ಲ ಕೇಳಿದ್ದೇನೆ. ಆದರೂ ಮನೆಯ ನಂಬರು ತೆಗೆದುಕೊಂಡು ಫೋನು ಮಾಡಿದೆ. ಮಾಡಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮನೆಯಲ್ಲಿ ಮುದುಕನಿದ್ದರೆ ಎತ್ತಬೇಕಿತ್ತಲ್ಲ? ಅವರಿಗೆ ಕಿವಿ ಮಂದ ಅಂದಳು. ಎಲ್ಲದಕ್ಕೂ ಉತ್ತರ ಸಿದ್ಧವಿರುವವರನ್ನು ಕಂಡರೆ ನನಗೆ ಮೊದಲೇ ಆಗುವುದಿಲ್ಲ.

ಠಾಣೆಗೆ ಕರೆತಂದೆ, ಬರೆಯಲು ಕೂತೆ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಬ್ರೆಡ್ಡನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಯ ಗಡಿಯಾರ ನೋಡುತ್ತಿದ್ದಳು. ಆಗಾಗ ಮೇಡಂ ಅನ್ನುತ್ತಿದ್ದಳು. ನಾನು ತಲೆ ಎತ್ತಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಮೀಸೆ ಬಂದ. ಅವನ ಪಾಳಿ ಮುಗಿದಿತ್ತು, ಅಂಗಿ ಬದಲಾಯಿಸಿಕೊಂಡು ಮನೆಗೆ ಹೊರಟಿದ್ದವನು. ಅವಳೇನು ಹೇಳಿದಳೋ, ನೇರ ನನ್ನ ಮೇಜಿಗೆ ಬಂದು ಬಿಟ್ಟುಬಿಡು ತಂಗಿ ಅಂದ. ಬರವಣಿಗೆ ಮುಗಿದಿಲ್ಲ ಅಂದೆ. "ಹಾಗಾದ್ರೆ ವಿಳಾಸ ಕೊಡು, ನಾನು ಹೋಗಿ ನೋಡ್ಕೊಂಡು ಬರ್ತೀನಿ" ಅಂದ. ಅವನಿಗೆ ಇದಕ್ಕೆ ಓಟಿ ಸಿಗುವುದಿಲ್ಲ. ಹಾಗಾದರೆ ಏನು ಸಿಗುತ್ತದೆ? ನನ್ನ ಕೇಸು ಕೆಡಿಸುವುದಕ್ಕೇ ಇರಬೇಕು ಎಂದು ನಾನು ವಿಳಾಸ ಕೊಡಲಿಲ್ಲ. ಅವನು ಅವಳ ಹತ್ತಿರವೇ ವಿಳಾಸ ಕೇಳಿ, ಬೀಗದ ಕೈಯನ್ನೂ ಬ್ರೆಡ್ಡನ್ನೂ ಇಸಿದುಕೊಂಡು ಹೋದ.

ನಾಲ್ಕರ ಹೊತ್ತಿಗೆ ಅವನ ಫೋನು ಬಂತು. ಮುದುಕ ಅಡುಗೆಮನೆಯಲ್ಲಿ ಬಿದ್ದಿದ್ದಾನೆ. ಜ್ಞಾನವಿಲ್ಲ. ಸಕ್ಕರೆ ಡಬ್ಬಿಯನ್ನು ತೆಗೆಯಲು ಹೋಗಿದ್ದನೆಂದು ಕಾಣುತ್ತದೆ, ಡಬ್ಬಿ ಮೇಲಿನ ಅಟ್ಟದಲ್ಲೇ ಇದೆ.

ಅವಳು ಓಡಿದಳು. ನಾನು ತಡೆಯಲಿಲ್ಲ.

ಆಗಸ್ಟ್ ೨೦, ಬುಧವಾರ

ಮುದುಕನಿಗೆ ಜ್ಞಾನ ಬಂದಿದೆ. ಸೊಂಟದ ಮೂಳೆ ಮುರಿದಿದೆ. ಇನ್ನು ನಡೆಯುವುದು ಕಷ್ಟವಂತೆ.

ನಾನು ನಿಯಮದ ಪ್ರಕಾರವೇ ನಡೆದಿದ್ದೇನೆ.

ಆಗಸ್ಟ್ ೨೩, ಶನಿವಾರ

ಮುಖ್ಯ ಕಚೇರಿಯಿಂದ ವಿಚಾರಣೆಗೆ ಬಂದಿದ್ದರು. ನನಗಿಂತ ಚಿಕ್ಕ ವಯಸ್ಸಿನ ಅಧಿಕಾರಿಣಿ, ದನಿ ಎತ್ತದೆ ಮಾತಾಡುವವರು. ಇಷ್ಟು ದಿನ ಹಿಡಿದವರಲ್ಲಿ ಎಷ್ಟು ಜನರ ಮೇಲೆ ಕೇಸು ನಿಂತಿದೆ ಎಂದು ಕೇಳಿದರು. ಸೈಕಲ್ಲಿನ ಬೀಗದ್ದು ಅಂದೆ. "ಆಮೇಲೆ?" ಅಂದರು. ಆಮೇಲಿನದು ನನಗೆ ಹೊಳೆಯಲಿಲ್ಲ. ಅವರು ಕಾದರು. ಗೊತ್ತಿರುವುದನ್ನು ಮೊದಲು ಕೇಳುತ್ತಿದ್ದಾರೆ ಎಂದು ನನಗೆ ಅರ್ಥವಾಯಿತು, ಆದರೂ ಬೆವರಿದೆ.

ಮೀಸೆ ಎಲ್ಲ ಬಾಯಿಬಿಟ್ಟಿದ್ದಾನೆ ಎಂದುಕೊಂಡೇ ಕೂತಿದ್ದೆ. ಹೋಗುವಾಗ ಅವರು ಹೇಳಿದ್ದೇ ಬೇರೆ. ಆ ಹೆಂಗಸನ್ನು ನಿಲ್ಲಿಸಿದಾಗ ತಾನೂ ಪಕ್ಕದಲ್ಲೇ ಇದ್ದೆ, ಠಾಣೆಗೆ ಕರೆದೊಯ್ಯೋಣ ಅಂದದ್ದು ತಾನೇ ಎಂದು ಮೀಸೆ ಹೇಳಿದ್ದಾನಂತೆ.

ಹಸಿ ಸುಳ್ಳು. ಅವನು ಟೀ ಅಂಗಡಿಯಲ್ಲಿದ್ದ. ಇದರ ಹಿಂದೆ ಏನಿದೆ?

ಆಗಸ್ಟ್ ೨೬, ಮಂಗಳವಾರ

ಪಾಳಿ ಮುಗಿದ ಮೇಲೆ ಟೀ ಅಂಗಡಿಗೇ ಹೋಗಿ ಮೀಸೆಯ ಎದುರು ಕೂತೆ. ಯಾಕೆ ಸುಳ್ಳು ಹೇಳಿದಿರಿ ಅಂತ ನೇರವಾಗಿ ಕೇಳಿದೆ. ಅವರು ಲೋಟ ಕೆಳಗಿಟ್ಟರು.

"ನಿಮ್ಮೆಜಮಾನ್ರು ಬಿದ್ದಿರೋದು ಗೊತ್ತಿತ್ತು. ಕೊನೇ ಅರ್ಧ ಗಂಟೆ ಬೀದಿ ನಿಂಗಿರ್ಲಿ ಅಂತ ನಾನಿಲ್ಲಿ ಬಂದು ಕೂರ್ತಿದ್ದೆ. ದಾರಿ ಬಿಟ್ಟುಕೊಟ್ಟೋನು ನಾನು. ಅದು ಸುಳ್ಳಾ?"

ಹಾಗಾದರೆ ನೀವೂ ದುಡ್ಡಿಗೇ ಹಿಡಿಯುತ್ತಿದ್ದಿರಲ್ಲ ಅಂದೆ. ಒಪ್ಪಿಕೊಂಡರು. ಕುಡಿದು ಮಲಗಿದವರನ್ನು ಕರೆತಂದು, ಫ್ಯಾನಿನ ಕೆಳಗೆ ಮಲಗಿಸಿ, ಟೀ ಕುಡಿಸಿ, ಸಂಜೆ ಮನೆಗೆ ಕಳಿಸುವುದು. ಅದೂ ಮೋಸವೇ, ಸರ್ಕಾರಕ್ಕೆ ಮಾಡಿದ ಮೋಸ ಅಂದರು.

"ಆದ್ರೆ ನಾನು ದುಡ್ಡಿಗೆ ಹಿಡೀತೀನಿ ಅನ್ನೋದು ನಂಗೆ ಗೊತ್ತಿತ್ತು ತಂಗಿ. ನೀನು ನಿಜವಾಗ್ಲೂ ಅವರನ್ನ ಕಳ್ಳರು ಅಂತ ನಂಬ್ಕೊಂಡೇ ಹಿಡೀತಿದ್ದೆ. ಅದನ್ನ ನೋಡಿ ನಂಗೆ ಭಯ ಆಗ್ತಿತ್ತು. ಹೇಳ್ಬೇಕಿತ್ತು, ಹೇಳ್ಲಿಲ್ಲ."

ನನ್ನ ಟೀಗೂ ಅವರೇ ಕೊಟ್ಟು ಎದ್ದು ಹೋದರು.

ಆಗಸ್ಟ್ ೩೦, ಶನಿವಾರ

ನನ್ನ ಈ ವರ್ಷದ ಇನ್‌ಕ್ರಿಮೆಂಟ್ ನಿಂತಿದೆ. ಮೀಸೆಯಣ್ಣನದೂ ನಿಂತಿದೆ, ತಾನೂ ಹೊಣೆ ಎಂದು ಹೇಳಿದ ಸುಳ್ಳನ್ನು ಮೇಲಿನವರು ನಂಬಿದ್ದಕ್ಕೆ. ನಿವೃತ್ತಿಗೆ ಹತ್ತಿರವಿರುವವರಿಗೆ ಅದು ಪಿಂಚಣಿಗೂ ಹೊಡೆತ ಎಂದು ರೈಟರ್ ಹೇಳಿದರು. ಆಡಿದ ಮಾತನ್ನು ಈಗಲೂ ವಾಪಸು ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ.

ಮೂರು ತಿಂಗಳ ಬೋನಸ್ ನಮ್ಮ ಠಾಣೆಗೇ ಬಂದಿದೆ. ಸಾಹೇಬರು ಎಲ್ಲರಿಗೂ ಟೀ ಕೊಡಿಸಿದರು.

ಸಂಬಳದ ಚೀಟಿಯೂ ಬಂತು. ಹತ್ತೊಂಬತ್ತನೆಯ ತಾರೀಖಿನ ಮಧ್ಯಾಹ್ನವೂ ಓಟಿಯಲ್ಲಿ ಸೇರಿದೆ. ಎರಡರಿಂದ ನಾಲ್ಕರವರೆಗೆ, ಒಂದೂವರೆ ಪಟ್ಟು. ರೈಟರ್ ಹತ್ತಿರ ಅದನ್ನು ತೆಗೆಯಿರಿ ಅಂದೆ. ಒಮ್ಮೆ ಸೇರಿದ್ದನ್ನು ತೆಗೆಯುವ ನಿಯಮವಿಲ್ಲವಂತೆ.

ಚೀಟಿಯನ್ನು ಇವರಿಗೆ ತೋರಿಸಲಿಲ್ಲ. ಏನಾಯ್ತೆಂದು ಕೇಳಿದರು. ಏನೂ ಇಲ್ಲ ಅಂದೆ. ಇವರು ಮತ್ತೆ ಕೇಳಲಿಲ್ಲ, ಹತ್ತಿರ ಸರಿದು ಕೂತರು ಅಷ್ಟೆ.

ಸೆಪ್ಟೆಂಬರ್ ೪, ಗುರುವಾರ

ಎರಡಕ್ಕೆ ಪಾಳಿ ಮುಗಿಯಿತು. ಯಾರನ್ನೂ ಹಿಡಿದಿರಲಿಲ್ಲ. ಮನೆಯ ಕಡೆಯ ಬಸ್ಸನ್ನು ಬಿಟ್ಟು ಆಸ್ಪತ್ರೆಯ ಬಸ್ಸು ಹತ್ತಿದೆ. ಬಟ್ಟೆ ಬದಲಾಯಿಸಿಕೊಂಡು ಹೋಗಬೇಕಿತ್ತು, ತೋಚಲಿಲ್ಲ.

ವಾರ್ಡಿನಲ್ಲಿ ಕಿಟಕಿಯ ಪಕ್ಕದ ಹಾಸಿಗೆ. ಅವರು ದಿಂಬಿಗೆ ಒರಗಿದ್ದರು, ಗುರುತಿನ ಚೀಟಿಯಲ್ಲಿದ್ದುದಕ್ಕಿಂತ ತುಂಬ ಕುಗ್ಗಿಹೋದವರಾಗಿ ಕಂಡರು. ಆಯಾ ಪಕ್ಕದಲ್ಲಿ ಕೂತು ಚಮಚದಲ್ಲಿ ಏನನ್ನೋ ತಿನ್ನಿಸುತ್ತಿದ್ದರು. ನನ್ನನ್ನು ಕಂಡ ಕೂಡಲೇ ಬಟ್ಟಲು ಕೆಳಗಿಟ್ಟು ಎದ್ದು ನಿಂತರು. ನಾನು ಬಾಯಿ ತೆರೆಯುವ ಮೊದಲೇ ಬ್ಯಾಗಿನ ಜಿಪ್ಪು ಎಳೆದು, ನನಗೆ ಕಾಣುವ ಹಾಗೆ ಅಗಲಿಸಿ ಹಿಡಿದರು.

ಬೇಡ ಅನ್ನಬೇಕಿತ್ತು. ಅನ್ನುವಷ್ಟರಲ್ಲಿ ನನ್ನ ಕಣ್ಣು ಒಳಗೆ ಹೋಗಿಬಿಟ್ಟಿತ್ತು. ಒಂದು ಟವೆಲ್, ಬಾಚಣಿಗೆ, ಮಾತ್ರೆಗಳು, ಬಾಯಿ ಕಟ್ಟಿದ ಸಣ್ಣ ಪೊಟ್ಟಣ. ಪೊಟ್ಟಣದಲ್ಲಿ ಏನಿರಬಹುದು ಎಂದು ಯೋಚಿಸುತ್ತ ನಿಂತಿದ್ದೆ. ಹಾಗೆ ಯೋಚಿಸುತ್ತಿದ್ದೇನೆಂದು ನನಗೆ ತಿಳಿದದ್ದು ಆಯಾ ಅದನ್ನೂ ಬಿಚ್ಚಲು ಹೋದಾಗ. ಬಾಯಿ ಸಡಿಲಾಗಿ ಒಳಗಿದ್ದದ್ದು ಕಂಡಿತು. ಸಕ್ಕರೆ. ಅವರ ಕೈ ಹಿಡಿದು ತಡೆದೆ. ಹೇಳಬೇಕೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ತಪ್ಪಾಯಿತು ಎಂಬುದಷ್ಟೇ ಬಂತು, ಅದೂ ಅರ್ಧ.

ಹಾಸಿಗೆಯಲ್ಲಿದ್ದವರು ಕಣ್ಣು ಕಿರಿದು ಮಾಡಿ ಯಾರು ಬಂದಿದ್ದಾರೆ ಎಂದು ಕೇಳಿದರು. ಪೊಲೀಸಾ ಅಂತಲೂ ಕೇಳಿದರು. ಆಯಾ ನನ್ನನ್ನು ಒಂದು ಕ್ಷಣ ನೋಡಿ, ಅವರ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಹೇಳಿದರು:

"ನಂಗೆ ಗೊತ್ತಿರೋರು. ನಿಮ್ಮನ್ನ ನೋಡ್ಕೊಂಡು ಹೋಗೋಕೆ ಬಂದಿದಾರೆ."

ಹೌದಾ ಎಂದು ಅವರಿಗೆ ಖುಷಿಯಾಯಿತು. ನೋಡಲು ಯಾರೂ ಬಂದಿಲ್ಲವೆಂದು ಕಾಣುತ್ತದೆ. ಸ್ಟೂಲು ತೋರಿಸಿ ಕೂರಲು ಹೇಳಿದರು, ಊಟವಾಯಿತೇ ಎಂದು ಕೇಳಿದರು. ಆಯಾ ಮತ್ತೆ ಬಟ್ಟಲು ಎತ್ತಿಕೊಂಡರು. ನಾನು ಕತ್ತಲಾಗುವವರೆಗೆ ಅಲ್ಲೇ ಕೂತಿದ್ದೆ.

ಆಯಾ ನಿಜ ಹೇಳಬಹುದಿತ್ತು. ಹೇಳಿದ್ದರೆ ಇಡೀ ವಾರ್ಡು ನನ್ನ ಮುಖಕ್ಕೆ ಉಗಿಯುತ್ತಿತ್ತು. ನನ್ನಿಂದ ಅವರಿಗೆ ಇನ್ನು ಆಗಬೇಕಾದದ್ದು ಏನೂ ಇಲ್ಲ, ನನ್ನ ಭಯವೂ ಈಗ ಅವರಿಗಿರಬೇಕಾಗಿಲ್ಲ. ಹಾಗಾದರೆ ಹಾಗೆ ಹೇಳಿದ್ದರಲ್ಲಿ ಅವರ ಲಾಭವೇನು? ಬಸ್ಸಿನಲ್ಲಿ ಹುಡುಕಿದೆ, ಮೆಟ್ಟಿಲು ಹತ್ತುತ್ತ ಹುಡುಕಿದೆ, ಇದನ್ನು ಬರೆಯುತ್ತಲೂ ಹುಡುಕುತ್ತಿದ್ದೇನೆ.

ಏನೂ ಸಿಗುತ್ತಿಲ್ಲ.